ತಣ್ಣನೆಯ ತುದಿಗಳು

ಡಬ್ಬಿಯ ಮೇಲೆ ಇದ್ದದ್ದು ಅರವತ್ತೈದೋ, ಐವತ್ತೈದೋ? ಅರವತ್ತೈದು ಎಂದುಕೊಂಡರೆ ಅದೇ ಕಣ್ಣಿಗೆ ಕಟ್ಟುತ್ತಿತ್ತು, ಐವತ್ತೈದು ಎಂದುಕೊಂಡರೆ ಅದೂ ಅಷ್ಟೇ ಸ್ಪಷ್ಟವಾಗಿ ಕಟ್ಟುತ್ತಿತ್ತು. ಆ ಅಂಟಿನ ಡಬ್ಬಿಯನ್ನು ಕೈಯಾರೆ ತೆರೆದವನು ನಾನು, ಕೋಲು ಹಾಕಿ ಕಲಸಿದವನು ನಾನು, ಮೂರು ದಿನ ಅದರ ವಾಸನೆಯಲ್ಲೇ ಬುತ್ತಿ ಬಿಚ್ಚಿ ಉಂಡವನೂ ನಾನೇ. ಆದರೂ ಎಷ್ಟು ಡಿಗ್ರಿ ಶಾಖಕ್ಕೆ ಈ ಅಂಟು ಮೆತ್ತಗಾಗುತ್ತದೆ ಎಂಬ ಒಂದು ಸಾಲು ಮಾತ್ರ ತಲೆಯಿಂದ ಜಾರಿಹೋಗಿತ್ತು. ಡಬ್ಬಿಯನ್ನು ಹುಡುಕಿಕೊಂಡು ಪುರಭವನಕ್ಕೆ ಹೋದೆ. ಕಾವಲುಗಾರನ ಹೆಂಡತಿ ಅದನ್ನು ಬೂದಿ ಹಾಕಿ ತಿಕ್ಕಿ, ಒಂದಕ್ಷರವೂ ಉಳಿಯದಂತೆ ಬೆಳಗಿ, ಅದರಲ್ಲಿ ದಾಸವಾಳ ನೆಟ್ಟಿದ್ದಳು. "ಚೆನ್ನಾಗಿ ಬಂದಿದೆ ಅಲ್ವಾ ಸಾರ್?" ಎಂದಳು. ಚೆನ್ನಾಗಿಯೇ ಬಂದಿತ್ತು.

ಹತ್ತು ಡಿಗ್ರಿ ಏನು ಮಹಾ ಎಂದು ಬೇರೆ ಊರಿನವರು ಕೇಳಬಹುದು. ನಮ್ಮೂರಿನಲ್ಲಿ ಹತ್ತು ಡಿಗ್ರಿ ಎಂದರೆ ಪಕ್ಕದ ಮನೆಯವರ ಒಂದು ಹೊಸ ಸ್ಕೂಟರು. ನಮ್ಮಲ್ಲಿ ಹೊಟ್ಟೆಕಿಚ್ಚು ಮುಟ್ಟಿದರೆ ಸುಡುತ್ತದೆ. ಕಿಚ್ಚು ಹತ್ತಿದವರ ನೆತ್ತಿಯಿಂದ ಶಾಖ ನೆಟ್ಟಗೆ ಮೇಲೇರಿ, ಮೇಲೆ ಏನಿದೆಯೋ ಅದನ್ನು ಕಾಯಿಸುತ್ತದೆ. ಒಬ್ಬರ ಮನೆಗೆ ಹೊಸ ಟಿವಿ ಬಂದ ದಿನ ಎದುರುಮನೆಯ ಹೆಂಚಿನ ಮೇಲೆ ಬೀದಿಯ ಬೆಕ್ಕುಗಳೆಲ್ಲ ಬಂದು ಮಲಗುತ್ತವೆ. ಮಳೆಗಾಲದಲ್ಲಿ ಹಪ್ಪಳ ಒಣಗದಿದ್ದರೆ ಹೆಂಗಸರು ಅದನ್ನು ಅಟ್ಟದ ಮೇಲೆ ಹರಡಿ, ಸರಿಯಾಗಿ ಅದರ ಕೆಳಗೆ ವಾರಗಿತ್ತಿಯನ್ನು ಕೂರಿಸಿ, ಕಾಫಿ ಕೊಟ್ಟು, ಮಗನ ಅಂಕಪಟ್ಟಿ ತೋರಿಸುತ್ತಾರೆ. ಹಾಗೆಂದು ನಾವು ಕೆಟ್ಟ ಜನರಲ್ಲ. ಎಲ್ಲ ಊರಿನವರಿಗೆ ಇರುವಷ್ಟೇ ಕಿಚ್ಚು ನಮಗೂ ಇದೆ. ನಮ್ಮದು ಗೊತ್ತಾಗುತ್ತದೆ, ಅಷ್ಟೆ. ಗೊತ್ತಾಗುವುದರಿಂದ ಒಂದೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ: ಸೆಕೆ ಯಾರದು ಎಂದು ಕೇಳಬಾರದು. "ಇವತ್ತು ಯಾಕೋ ಸೆಕೆ" ಎಂದು ಒಬ್ಬರು ಹೇಳುತ್ತಾರೆ, "ಹೌದಪ್ಪ, ಸೆಕೆ" ಎಂದು ಇನ್ನೊಬ್ಬರು ಎದ್ದು ಫ್ಯಾನು ಹಾಕುತ್ತಾರೆ. ಇಷ್ಟರ ಮೇಲೆ ನಮ್ಮೂರು ನಡೆದಿದೆ.

ಪುರಭವನದ ಕಥೆ ಮಾತ್ರ ಬೇರೆ. ಅಲ್ಲಿ ವರ್ಷಕ್ಕೆ ಅರವತ್ತು ಸನ್ಮಾನ ನಡೆಯುತ್ತಿತ್ತು. ಒಬ್ಬನಿಗೆ ಶಾಲು ಹೊದಿಸಿದರೆ ಶಾಲು ಸಿಗದ ಮುನ್ನೂರೈವತ್ತು ಜನ ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಿದ್ದರು, ಮೇಲೆ ಕಾಂಕ್ರೀಟು ಕಾಯುತ್ತಿತ್ತು. ಇಪ್ಪತ್ತು ವರ್ಷ ಹೀಗೆ ಕಾದು, ಆರಿ, ಕಾದು, ವೇದಿಕೆಯ ಅಂಚಿಗೆ ಸರಿಯಾಗಿ ಮೇಲೆ, ಪೂರ್ವದ ಗೋಡೆಯಿಂದ ಪಶ್ಚಿಮದ ಗೋಡೆಯವರೆಗೆ ಹಾದಿದ್ದ ನಲವತ್ತು ಅಡಿಯ ತೊಲೆ ನಡುವೆ ಬಿರುಕು ಬಿಟ್ಟಿತು. ಅದನ್ನು ಕೆಡವಿ ಕಟ್ಟುವ ಬದಲು ದುರಸ್ತಿ ಮಾಡುವುದೆಂದು ಪುರಸಭೆ ತೀರ್ಮಾನಿಸಿತು. ಪುರಸಭೆಯ ಕಿರಿಯ ಎಂಜಿನಿಯರಾದ ನಾನು ತೊಲೆಯ ಹೊಟ್ಟೆಗೆ, ಈ ತುದಿಯಿಂದ ಆ ತುದಿಗೆ, ಇಂಗಾಲದ ನೂಲಿನಲ್ಲಿ ನೇಯ್ದ ಕಪ್ಪು ಪಟ್ಟಿಯನ್ನು ಅಂಟಿನಿಂದ ಕೂರಿಸಿದೆ. ಪಟ್ಟಿ ಉಕ್ಕಿಗಿಂತ ಗಟ್ಟಿ. ತೊಲೆಯ ಹಳೆಯ ಕಬ್ಬಿಣ ಹೊರಲಾರದ ಭಾರವನ್ನು ಅದು ಹೊರುತ್ತದೆ. ಆದರೆ ಪಟ್ಟಿಯ ಗಟ್ಟಿತನವೆಲ್ಲ ಅಂಟು ಹಿಡಿದಿರುವವರೆಗೆ ಮಾತ್ರ. ಅದಕ್ಕಾಗಿಯೇ ಮೇಲೆ ಎರಡು ಬೆರಳು ದಪ್ಪ ಶಾಖ ತಡೆಯುವ ಗಾರೆ ಬಳಿಯಬೇಕು ಎಂದು ಪುಸ್ತಕ ಹೇಳುತ್ತದೆ.

ಗಾರೆ ಬಳಿಯುವ ದಿನ ಪುರಸಭೆಯ ಅಧ್ಯಕ್ಷರಾದ ಗುರುಶಾಂತಪ್ಪನವರು ನೋಡಲು ಬಂದರು. ಕತ್ತೆತ್ತಿ ಬಹಳ ಹೊತ್ತು ನಿಂತರು. ಕಪ್ಪು ಪಟ್ಟಿ ಕಿಟಕಿಯ ಬೆಳಕಿಗೆ ರೇಷ್ಮೆಯ ಹಾಗೆ ಮಿನುಗುತ್ತಿತ್ತು.

"ಇದರ ಮೇಲೆ ಗಾರೆ ಮೆತ್ತೋದಾ?" ಎಂದರು. "ಮದುವೆ ಹೆಣ್ಣಿಗೆ ಗೋಣಿಚೀಲ ಹೊದಿಸಿದ ಹಾಗಾಗುತ್ತೆ ಕಣ್ರಯ್ಯಾ. ಜನ ನೋಡಲಿ. ನಮ್ಮ ಕಾಲದಲ್ಲಿ ಏನಾಯ್ತು ಅಂತ ನೋಡಲಿ."

ನನ್ನ ಮೇಲಧಿಕಾರಿ ವಾಮನಮೂರ್ತಿಗಳು ಪಕ್ಕದಲ್ಲಿದ್ದರು. ಅವರು ಮೂವತ್ತು ವರ್ಷದ ಸೇವೆಯಲ್ಲಿ ಯಾರ ಮಾತನ್ನೂ ಅಲ್ಲಗಳೆದವರಲ್ಲ. "ಅಧ್ಯಕ್ಷರು ಹೇಳೋದರಲ್ಲಿ ಪಾಯಿಂಟ್ ಇದೆ" ಎಂದು ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಮೊದಲಿನಿಂದ ಬಂದ ವಿದ್ಯೆ. ನಾಲ್ಕು ಜನ ಮಾತಾಡುವಲ್ಲಿ ಮಾತಿನ ನಡುವಿನ ಖಾಲಿಯಲ್ಲಿ ಕೂತುಬಿಡುತ್ತೇನೆ; ಅಲ್ಲಿ ತಂಪಾಗಿರುತ್ತದೆ. ಜನ ಅದನ್ನು ಆಳ ಎಂದುಕೊಳ್ಳುತ್ತಾರೆ. ಗಾರೆಯ ಮೂಟೆಗಳು ಗೋದಾಮಿಗೆ ವಾಪಸು ಹೋದವು. ತೊಲೆಯ ಪೂರ್ವದ ತುದಿಯಲ್ಲಿ, ಪಟ್ಟಿಯ ಪಕ್ಕಕ್ಕೆ, ಚಿನ್ನದ ಬಣ್ಣದಲ್ಲಿ 'ಶ್ರೀ ಗುರುಶಾಂತಪ್ಪನವರ' ಎಂದೂ, ಪಶ್ಚಿಮದ ತುದಿಯಲ್ಲಿ 'ಕೊಡುಗೆ' ಎಂದೂ ಬರೆಸಲಾಯಿತು.

ಪುರಭವನದ ಮರುಉದ್ಘಾಟನೆಗೆ ಎಂಟು ದಿನ ಉಳಿದಿರುವಾಗ ಆಮಂತ್ರಣ ಪತ್ರಿಕೆ ನನ್ನ ಕೈಗೆ ಬಂತು. ಅದರಲ್ಲಿ ಹನ್ನೊಂದು ಸನ್ಮಾನಗಳಿದ್ದವು. ಓದುತ್ತ ಓದುತ್ತ ನನಗೆ ಡಬ್ಬಿಯ ನೆನಪಾದದ್ದು ಆಗ.

ದಾಸವಾಳ ನೋಡಿ ಮನೆಗೆ ಬಂದಾಗ ನೀಲಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ನೀಲಾಂಬಿಕೆ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಊರಿನ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚುವುದು, ಅಂಚಿಗೆ ಪಿಕೋ ಹಾಕುವುದು ಅವಳ ಕೆಲಸ. ಊರಿಗೆಲ್ಲ ತಣ್ಣನೆಯ ಹೊಟ್ಟೆ ಯಾರದು ಎಂದು ಕೇಳಿದರೆ ಮಕ್ಕಳೂ ನಮ್ಮ ಮನೆಯ ಕಡೆ ಕೈ ತೋರಿಸುತ್ತಿದ್ದವು. ಬೇಸಿಗೆಯಲ್ಲಿ ಅಕ್ಕಪಕ್ಕದವರು ಬೆಣ್ಣೆ ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟುಹೋಗುತ್ತಿದ್ದರು. ಅದೇ ಅವಳಿಗೆ ಮುಳುವೂ ಆಯಿತು. ನೋಡಲು ಬಂದ ಮೂರೂ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಚಾವಣಿ ಮುಟ್ಟಿ ನೋಡಿ, "ಹುಡುಗಿ ಬಂಗಾರ, ಆದ್ರೆ ನಮ್ಮದು ದೊಡ್ಡ ಸಂಸಾರ ನೋಡಿ, ಚಳಿಗಾಲದಲ್ಲಿ ಸೌದೆ ಎಲ್ಲಿಂದ ತರೋಣ?" ಎಂದು ಎದ್ದುಹೋಗಿದ್ದರು. ಅವಳು ಉಪ್ಪಿಟ್ಟಿನ ತಟ್ಟೆ ತೊಳೆದು ಮತ್ತೆ ಯಂತ್ರ ತುಳಿಯಲು ಕೂತಿದ್ದಳು. ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಊರಿನಲ್ಲಿ ಹಲವರಿಗೆ ಬರುತ್ತದೆ. ನಾನು ಎಂಜಿನಿಯರಿಂಗ್ ಓದುವಾಗ ಶನಿವಾರ ಮನೆಗೆ ತರುತ್ತಿದ್ದ ಲೆಕ್ಕಗಳು ಸೋಮವಾರ ಬೆಳಗಿನ ಹೊತ್ತಿಗೆ ಹೇಗೋ ಮುಗಿದಿರುತ್ತಿದ್ದವು.

"ಯಾಕೋ, ಮುಖ ಹಿಂಗೆ ಮಾಡ್ಕೊಂಡಿದೀಯ?" ಎಂದಳು. ನಾನು ಹೇಳಿದೆ. ಅಂಟು, ಡಬ್ಬಿ, ಗಾರೆ, ಹನ್ನೊಂದು ಸನ್ಮಾನ.

"ಕಾರ್ಯಕ್ರಮ ಮುಂದಕ್ಕೆ ಹಾಕಕ್ಕಾಗಲ್ವಾ?"

"ಪತ್ರಿಕೆ ಹಂಚಿ ಆಗಿದೆ. ಹನ್ನೊಂದು ಜನರ ಹೆಸರು ಅಚ್ಚಾಗಿದೆ. ಅಧ್ಯಕ್ಷರು ತೊಲೆ ಬೀಳಲಿ ಅಂದಾರು, ಮುಂದಕ್ಕೆ ಹಾಕು ಅನ್ನಲ್ಲ."

ಅವಳು ದಾರ ಕಚ್ಚಿ ತುಂಡರಿಸಿದಳು. "ಅಂಟು ಮೆತ್ತಗಾದ್ರೆ ಆ ಬಟ್ಟೆನೂ ಹರಿದುಹೋಗುತ್ತಾ?"

"ಬಟ್ಟೆಗೆ ಏನೂ ಆಗಲ್ಲ. ನೂರಾರು ಡಿಗ್ರಿಗೂ ಜಗ್ಗಲ್ಲ. ಅಂಟು ಬಿಟ್ಟು ಕೆಳಗೆ ಬೀಳುತ್ತೆ, ಅಷ್ಟೆ."

"ಯಾಕೆ ಬೀಳಬೇಕು?" ಎಂದಳು. "ಸೀರೆಯಲ್ಲಿ ತೊಟ್ಟಿಲು ಕಟ್ತೀವಲ್ಲ, ಸೀರೆನ ನಡುವೆ ಯಾರಾದ್ರೂ ಯಾವುದಕ್ಕಾದ್ರೂ ಅಂಟಿಸ್ತಾರಾ? ಎರಡು ಕಡೆ ಗಂಟು ಗಟ್ಟಿ ಇದ್ರೆ ಆಯ್ತು. ನಡುವೆ ಜೋತಾಡುತ್ತೆ. ಜೋತಾಡಲಿ. ಮಗು ಬೀಳಲ್ಲ."

ನಾನು ಅವಳ ಮುಖ ನೋಡಿದೆ. ಅವಳು ಆಗಲೇ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡಿದ್ದಳು. ತೊಲೆಯ ಉದ್ದ ಎಷ್ಟು, ಪಟ್ಟಿಯ ಅಗಲ ಎಷ್ಟು, ಅಂಟು ತಣ್ಣಗಿದ್ದಾಗ ಒಂದು ಅಂಗುಲಕ್ಕೆ ಎಷ್ಟು ಎಳೆತ ತಡೆಯುತ್ತದೆ ಎಂದು ಕೇಳುತ್ತ, ಯಾರದೋ ರವಿಕೆಯ ಅಸ್ತರಿನ ಮೇಲೆ ಬರೆಯುತ್ತ ಹೋದಳು. ನಾನು ಹೇಳಿದ ಒಂದು ಅಂಕಿಯನ್ನು ಎರಡು ಸಲ ತಿದ್ದಿದಳು. ಕೊನೆಗೆ ಅಸ್ತರನ್ನು ನನ್ನ ಕಡೆ ತಿರುಗಿಸಿ, "ಒಂದೊಂದು ತುದಿಯಲ್ಲಿ ಏಳು ಅಡಿ" ಎಂದಳು. "ಅಷ್ಟು ತಂಪಾಗಿ ಇಟ್ಕೋ. ನಡುವಿನ ಇಪ್ಪತ್ತಾರು ಅಡಿಗೆ ಊರಿನವರು ಬೆಂಕಿ ಹಚ್ಚಿದ್ರೂ ತೊಲೆ ನಿಲ್ಲುತ್ತೆ." ಆಮೇಲೆ ಅಸ್ತರನ್ನು ಕೊಡವಿ, ಸುಣ್ಣ ಒರೆಸಿ, ಯಂತ್ರದ ಸೂಜಿಯ ಕೆಳಗೆ ತಳ್ಳಿದಳು.

ಮರುದಿನ ಕಚೇರಿಯಲ್ಲಿ, ಅಧ್ಯಕ್ಷರೂ ಇದ್ದಾಗ, ಅದನ್ನೇ ಹೇಳಿದೆ. ವಾಮನಮೂರ್ತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡುವುದು ವರ್ಷಕ್ಕೊಮ್ಮೆ. "ಎರಡು ತುದಿ ತಂಪು, ನಡು ಹೋದ್ರೆ ಹೋಗಲಿ. ಎಲ್ಲಿ ಹೊಳೀತು ಪ್ರಭುಲಿಂಗ ನಿಂಗೆ ಇದು?" ನಾನು ಸುಮ್ಮನಿದ್ದೆ. "ನೋಡಿ, ಜಂಬವೇ ಇಲ್ಲ" ಎಂದು ಅವರು ಅಧ್ಯಕ್ಷರಿಗೆ ಹೇಳಿದರು. ನಾನು ಆಗಲೂ ಸುಮ್ಮನಿದ್ದೆ.

ತುದಿಗಳಿಗಷ್ಟೇ ಗಾರೆ ಬಳಿಯೋಣವೆಂದರೆ ಗುರುಶಾಂತಪ್ಪನವರು ನಗಲಿಲ್ಲ. "ತುದಿಯಲ್ಲಿ ನನ್ನ ಹೆಸರಿದೆ ಕಣಯ್ಯಾ" ಎಂದರು. "ಇನ್ನೊಂದು ತುದಿಯಲ್ಲಿ?" ಎಂದೆ. "ಅಲ್ಲಿ ಕೊಡುಗೆ ಇದೆ. ಹೆಸರು ಬಿಟ್ಟು ಕೊಡುಗೆ ಮುಚ್ಚಿದ್ರೆ ಗುರುಶಾಂತಪ್ಪನವರ ಏನು ಅಂತ ಜನ ಕೇಳ್ತಾರೆ. ನಮ್ಮೂರ ಜನ, ಏನೇನು ತುಂಬಿಸ್ಕೋತಾರೋ." ಆದರೆ ಉಪಾಯ ಅವರಿಗೆ ಹಿಡಿಸಿತ್ತು. ತುದಿಗಳ ಕೆಳಗೆ ಹೊಟ್ಟೆ ತಣ್ಣಗಿರುವವರನ್ನು ಕೂರಿಸಿದರಾಯಿತು ಎಂದು ಅವರೇ ಹೇಳಿದರು. ಯಾರನ್ನೂ ಕೇಳದೆ ಮಧ್ಯಾಹ್ನವೇ ಒಂದು ಪ್ರಕಟಣೆ ಹಾಕಿಸಿದರು: 'ಅಸೂಯೆ ಇಲ್ಲದ ಹತ್ತು ಮಂದಿ ನಾಗರಿಕರಿಗೆ ಮುಂಸಾಲಿನಲ್ಲಿ ವಿಶೇಷ ತಂಪು ಆಸನ.' ಸಂಜೆಯೊಳಗೆ ನೂರ ನಲವತ್ತು ಅರ್ಜಿ ಬಂದವು. ಪ್ರತಿ ಅರ್ಜಿಯ ಜೊತೆಗೂ, ಉಳಿದವರಿಗೆ ಯಾಕೆ ಕೊಡಬಾರದು ಎಂಬ ಇನ್ನೊಂದು ಕಾಗದವಿತ್ತು. ಸೂಚನಾ ಫಲಕದ ಸುತ್ತ ನಿಂತವರ ತಲೆಯ ಮೇಲಿನ ಮಾವಿನ ಕೊಂಬೆಯಲ್ಲಿ ಚಿಗುರು ಸುಟ್ಟುಹೋಯಿತು. ಪ್ರಕಟಣೆಯನ್ನು ಹಿಂದಕ್ಕೆ ತೆಗೆದುಕೊಂಡೆವು.

ತುದಿಗಳನ್ನು ಖಾಲಿ ಬಿಡುವುದೂ ಸಾಧ್ಯವಿರಲಿಲ್ಲ. ಖಾಲಿ ಜಾಗ ನಮ್ಮೂರಿನಲ್ಲಿ ಐದು ನಿಮಿಷ ಉಳಿಯುವುದಿಲ್ಲ. ಯಾರೋ ಬಂದು ಟವೆಲು ಹಾಸುತ್ತಾರೆ. ಹಾಗಾಗಿ ಎರಡು ತುದಿಗೂ ಹೂಕುಂಡ ಸುತ್ತುವರಿಸಿ, ಒಳಗೆ ಒಬ್ಬೊಬ್ಬರನ್ನು ಏನಾದರೂ ಕೆಲಸದ ನೆಪದಲ್ಲಿ ನಿಲ್ಲಿಸುವುದೆಂದು ಗುಟ್ಟಾಗಿ ಗೊತ್ತುಮಾಡಿಕೊಂಡೆ. ಪಶ್ಚಿಮದ ತುದಿಗೆ ಸಂಗೀತದ ಮೇಷ್ಟ್ರು ಅಚ್ಯುತಾಚಾರ್ಯರನ್ನು ಕೇಳಲು ಹೋದೆ. ತಮ್ಮ ಸಮಾನ ಇನ್ನೊಬ್ಬ ಹುಟ್ಟಿಲ್ಲವೆಂದು ಅವರಿಗೆ ಎಂಬತ್ತು ವರ್ಷದಿಂದ ಖಾತ್ರಿಯಿತ್ತು. ಅವರಿಗೆ ಯಾರ ಮೇಲಾದರೂ ಅಸೂಯೆ ಇದೆಯೇ ಎಂದು ಮೆಲ್ಲಗೆ ವಿಚಾರಿಸಿದೆ.

"ಅಸೂಯೆಯೇ?" ಎಂದರು, ಶಬ್ದವನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡುವವರಂತೆ. "ಯಾರ ಮೇಲಪ್ಪಾ? ನೀನೇ ಒಂದು ಹೆಸರು ಹೇಳು ನೋಡೋಣ."

ನಾನು ದೊಡ್ಡ ದೊಡ್ಡ ಗಾಯಕರ ನಾಲ್ಕು ಹೆಸರು ಹೇಳಿದೆ. ಅವರು ಒಬ್ಬೊಬ್ಬರಿಗೂ ಮರುಕದಿಂದ ತಲೆಯಾಡಿಸಿದರು. ಚಾವಣಿ ಮುಟ್ಟಿ ನೋಡಿದೆ. ಬಾವಿಯ ಕಲ್ಲಿನ ಹಾಗಿತ್ತು. ಅಹಂಕಾರ ತುಂಬಿದ ಹೊಟ್ಟೆಯಲ್ಲಿ ಕಿಚ್ಚಿಗೆ ಜಾಗವಿರುವುದಿಲ್ಲ. ತಂಬೂರಿ ಮೀಟಲು ಒಪ್ಪಿದರು. ಪೂರ್ವದ ತುದಿಗೆ ಯಾರು ಎಂದು ನಾನು ಯೋಚಿಸಲೂ ಇಲ್ಲ. ಆ ತುದಿಯ ಬಾಗಿಲ ಬಳಿ ಪನ್ನೀರು ಚಿಮುಕಿಸುವ ಕೆಲಸಕ್ಕೆ ನೀಲಕ್ಕ ಬರುವಳೆಂದು ಪಟ್ಟಿಯಲ್ಲಿ ಬರೆದುಕೊಂಡು, ಆಮೇಲೆ ಅವಳಿಗೆ ಹೇಳಿದೆ. "ಆಯ್ತು" ಎಂದಳು. ಹಳೆಯ ಹಸಿರು ಸೀರೆಗೆ ಹೊಸ ಫಾಲ್ ಹಚ್ಚಿಕೊಂಡಳು.

ಕಾರ್ಯಕ್ರಮದ ಬೆಳಿಗ್ಗೆ ಹನ್ನೊಂದು ಗಂಟೆಗೆ ಪುರಭವನದಲ್ಲಿ ನಾನೂರು ಜನ ಇದ್ದರು. ನಾನು ವೇದಿಕೆಯ ಮೆಟ್ಟಿಲ ಪಕ್ಕ, ಜ್ವರ ನೋಡಲು ಹಣೆಗೆ ಹಿಡಿಯುತ್ತಾರಲ್ಲ, ಅಂಥದೇ ಒಂದು ಶಾಖದ ಗನ್ನು ಹಿಡಿದು ನಿಂತಿದ್ದೆ. ದೂರದಿಂದ ಗುರಿಯಿಟ್ಟರೂ ಸಾಕು, ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ನಮ್ಮೂರಿನಲ್ಲಿ ಅದನ್ನು ಜನರ ಕಡೆ ತಿರುಗಿಸಿದರೆ ಹಲ್ಲು ಉದುರುತ್ತವೆ. ಚಾವಣಿಯ ಕಡೆ ಹಿಡಿದರೆ ಯಾರೂ ಏನೂ ಅನ್ನುವುದಿಲ್ಲ. ಹಿಂದಿನ ವರ್ಷಗಳಲ್ಲಿ ಸನ್ಮಾನ ತಪ್ಪಿದವರನ್ನೆಲ್ಲ ಹುಡುಕಿ ಹುಡುಕಿ, ತುದಿಗಳಿಂದ ದೂರ, ತೊಲೆಯ ನಡುಭಾಗದ ಕೆಳಗೆ ಕೂರಿಸಿದ್ದೆ. ಅವರು ಅದನ್ನು ಮರ್ಯಾದೆ ಎಂದುಕೊಂಡಿದ್ದರು.

ಮೊದಲ ಸನ್ಮಾನ ಕುರ್ಚಿಗಳನ್ನು ದಾನ ಮಾಡಿದ ಅಕ್ಕಿ ಗಿರಣಿಯವರಿಗೆ. ನಡುವಿನಲ್ಲಿ ನಲವತ್ತೆಂಟು. ಎರಡನೆಯದು ಅವರ ತಮ್ಮನಿಗೆ, ಅಣ್ಣನಿಗೆ ಕೊಟ್ಟು ಅವನನ್ನು ಬಿಟ್ಟರೆ ಗಿರಣಿಗೇ ಬೆಂಕಿ ಬೀಳುವುದೆಂಬ ಮುಂದಾಲೋಚನೆಯಿಂದ. ಐವತ್ತೆರಡು. ಮೂರನೆಯದು ಒಬ್ಬ ನಿವೃತ್ತ ಹೆಡ್‌ಮಾಸ್ತರರಿಗೆ. ಯಾವ ಸಾಧನೆಗೆ ಎಂದು ಹುಡುಕಿ ಸಿಗದೆ 'ಇಂದಿಗೂ ನಮ್ಮೊಡನಿರುವುದಕ್ಕಾಗಿ' ಎಂದು ಬರೆಸಿದ್ದರು. ಐವತ್ತೇಳು. ಡಬ್ಬಿಯ ಮೇಲಿದ್ದದ್ದು ಐವತ್ತೈದಾಗಿದ್ದರೆ ಅಂಟು ಈಗಾಗಲೇ ಅಲುಗಬೇಕಿತ್ತು. ಅಲುಗಲಿಲ್ಲ, ಆದರೆ ಶಾಖ ಒಳಕ್ಕಿಳಿಯಲು ಹೊತ್ತು ಬೇಕಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಗನ್ನನ್ನು ಪಶ್ಚಿಮಕ್ಕೆ ತಿರುಗಿಸಿದೆ: ಮೂವತ್ತೊಂದು. ಅಚ್ಯುತಾಚಾರ್ಯರು ಕಣ್ಣು ಮುಚ್ಚಿ, ತಮ್ಮ ತಂಬೂರಿಗೆ ತಾವೇ ಮೆಚ್ಚಿ ತಲೆದೂಗುತ್ತಿದ್ದರು. ಪೂರ್ವಕ್ಕೆ ತಿರುಗಿಸಿದೆ: ಮೂವತ್ತು. ಅಕ್ಕ ಪನ್ನೀರುದಾನಿ ಹಿಡಿದು ನಿಂತಿದ್ದಳು. ನಾನು ನೋಡಿದ್ದು ಕಂಡು ಎರಡು ಬೆರಳೆತ್ತಿ ತೋರಿಸಿದಳು, ಎರಡೂ ತುದಿ ಸರಿಯಿದೆಯಾ ಎಂಬಂತೆ. ನಾನು ತಲೆಯಾಡಿಸಿದೆ.

ಹತ್ತನೆಯ ಸನ್ಮಾನದ ಹೊತ್ತಿಗೆ ನಡುವಿನಲ್ಲಿ ಅರವತ್ತೊಂದು ಇತ್ತು. ಬೀಸಣಿಗೆಗಳು ಓಡಾಡುತ್ತಿದ್ದವು. "ಏನ್ ಸೆಕೆ ರೀ" ಎಂದು ನೂರು ಬಾಯಿಗಳು ಸಭ್ಯವಾಗಿ ಹೇಳುತ್ತಿದ್ದವು. ಹನ್ನೊಂದನೆಯ ಸನ್ಮಾನ ಗುರುಶಾಂತಪ್ಪನವರಿಗೆ ಗುರುಶಾಂತಪ್ಪನವರಿಂದ. ಅದೂ ಮುಗಿಯಿತು. ಅರವತ್ಮೂರು. ತೊಲೆ ನಿಂತಿತ್ತು. ನನ್ನ ಬೆನ್ನಿನ ಬೆವರು ಆರತೊಡಗಿತು. ಇನ್ನೇನು ವಂದನಾರ್ಪಣೆ, ಊಟ.

ಅಷ್ಟರಲ್ಲಿ ಅಧ್ಯಕ್ಷರು ಮೈಕು ಬಿಡದೆ ಮುಂದುವರಿದರು. "ಇನ್ನೊಬ್ಬರಿದ್ದಾರೆ. ಪತ್ರಿಕೆಯಲ್ಲಿ ಹಾಕಿಲ್ಲ, ಹಾಕಿದ್ರೆ ಇವನು ಬರ್ತಿರಲಿಲ್ಲ. ಮಾತೇ ಆಡದ ಹುಡುಗ. ಆದ್ರೆ ದೊಡ್ಡ ದೊಡ್ಡ ಊರಿನ ಎಂಜಿನಿಯರುಗಳಿಗೆ ಹೊಳೆಯದೇ ಇದ್ದದ್ದು ಇವನ ತಲೆಗೆ ಹೊಳೀತು. ತುದಿ ತಂಪಿದ್ರೆ ನಡುವಿಗೆ ಭಯ ಇಲ್ಲ. ಎಂಥಾ ಮಾತು." ಜನ ಅದನ್ನು ಗಾದೆ ಎಂದುಕೊಂಡು ಚಪ್ಪಾಳೆ ತಟ್ಟಿದರು. "ಬಾರಯ್ಯಾ ಪ್ರಭುಲಿಂಗ."

ವಾಮನಮೂರ್ತಿಗಳು ನನ್ನನ್ನು ತಳ್ಳಿಕೊಂಡೇ ಮೆಟ್ಟಿಲು ಹತ್ತಿಸಿದರು. ಶಾಲು ಬಿತ್ತು, ಹಾರ ಬಿತ್ತು, ಪೇಟ ಕಿವಿಯವರೆಗೆ ಇಳಿಯಿತು, ಹಣ್ಣಿನ ಬುಟ್ಟಿ ಕೈಗೆ ಬಂತು. ಬುಟ್ಟಿಯ ಸಂದಿನಿಂದ ಅಭ್ಯಾಸಬಲದಲ್ಲಿ ಗನ್ನು ಹಿಡಿದು ನೋಡಿದೆ. ನಡುವೆ ಅರವತ್ನಾಲ್ಕು. ಪಶ್ಚಿಮ ಮೂವತ್ತೊಂದು. ಪೂರ್ವ ನಲವತ್ತೆರಡು.

ಗನ್ನು ಕೆಟ್ಟಿದೆ ಎಂದುಕೊಂಡೆ. ಮತ್ತೆ ಹಿಡಿದೆ. ನಲವತ್ತೇಳು. ಹೂಕುಂಡ ದಾಟಿ ಯಾರಾದರೂ ನುಗ್ಗಿರಬೇಕೆಂದು ಕಣ್ಣಾಡಿಸಿದೆ. ಯಾರೂ ಇರಲಿಲ್ಲ. ನೀಲಕ್ಕ ಒಬ್ಬಳೇ, ಹಸಿರು ಸೀರೆಯಲ್ಲಿ, ಪನ್ನೀರುದಾನಿಯನ್ನು ಎದೆಗೆ ಹಿಡಿದು, ಎಲ್ಲರಂತೆ ನಗುತ್ತ ನಿಂತಿದ್ದಳು. 'ಶ್ರೀ ಗುರುಶಾಂತಪ್ಪನವರ' ಎಂಬುದರ ಚಿನ್ನದ ಬಣ್ಣ ಗುಳ್ಳೆ ಏಳುತ್ತಿತ್ತು. ಐವತ್ತು. ಅವಳು ಹುಟ್ಟಿದಾಗಿನಿಂದ ಒಂದು ಲೋಟ ಹಾಲನ್ನೂ ಬೆಚ್ಚಗೆ ಮಾಡಿದವಳಲ್ಲ. ಐವತ್ಮೂರು. ಪೂರ್ವದ ಗಂಟು ಬಿಚ್ಚಿದರೆ ನಾನೂರು ಜನರ ಮೇಲೆ ಚಾವಣಿ ಬರುತ್ತದೆ. ಮೊದಲು ಬರುವುದು ಅವಳ ಮೇಲೆ. ಅವಳಿಗೂ ಅದು ಗೊತ್ತಿತ್ತು. ಲೆಕ್ಕ ಹಾಕಿದವಳು ಅವಳೇ. ಆದರೆ ಹೊಟ್ಟೆಗೆ ತಣ್ಣಗಾಗು ಎಂದರೆ ಅದು ಕೇಳುತ್ತದೆಯೇ? ನಗು ಹಾಗೇ ಇತ್ತು. ಐವತ್ತೈದು.

ನಾನು ಮೈಕಿಗೆ ಬಾಯಿ ಕೊಟ್ಟೆ. ಹುಟ್ಟಿದಾಗಿನಿಂದ ಮೊದಲ ಸಲ. "ನಮ್ಮಕ್ಕ ಇಲ್ಲಿಗೆ ಬರಬೇಕು" ಎಂದೆ. "ನೀಲಕ್ಕಾ, ಬಾ. ಬೇಗ ಬಾ."

ಸಭೆಯೆಲ್ಲ ಅತ್ತ ತಿರುಗಿತು. ಯಾರೋ ಅವಳ ಕೈಯಿಂದ ಪನ್ನೀರುದಾನಿ ತೆಗೆದುಕೊಂಡರು, ಯಾರೋ ಬೆನ್ನು ತಟ್ಟಿ ಕಳಿಸಿದರು. ಅವಳು ಹೂಕುಂಡ ದಾಟಿ, ಮೆಟ್ಟಿಲು ಹತ್ತಿ, ನನ್ನ ಪಕ್ಕ, ತೊಲೆಯ ನಟ್ಟನಡುವೆ ಬಂದು ನಿಂತಳು. ಗನ್ನು ಪೂರ್ವಕ್ಕೆ ಹಿಡಿದೆ: ಐವತ್ತೊಂದು, ನಲವತ್ತೇಳು. ಇಳಿಯುತ್ತಿತ್ತು. ಅವಳು ನನ್ನ ಮುಖವನ್ನು ನೋಡುತ್ತಿದ್ದಳು. ಮೈಕು ನನ್ನ ಬಾಯಿಯ ಮುಂದಿತ್ತು. ನಾನೂರು ಜನ ಬೀಸಣಿಗೆ ನಿಲ್ಲಿಸಿ ಕಾಯುತ್ತಿದ್ದರು.

"ಈ ಶಾಲು ನನ್ನದಲ್ಲ" ಎಂದೆ. ಅವಳ ಮುಖದಲ್ಲಿ ಏನೋ ಒಂದು ಎದ್ದು ನಿಂತಿತು. "ನಮ್ಮಕ್ಕನದು. ನನ್ನನ್ನ ಸಾಕಿದಳು, ಓದಿಸಿದಳು. ನನಗೋಸ್ಕರ ಮೆಷಿನ್ನು ತುಳಿದಳು. ಇವಳು ನನಗೆ ತಾಯಿ ಇದ್ದ ಹಾಗೆ."

ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಶಾಲನ್ನು ತೆಗೆದು ಅವಳ ಹೆಗಲಿಗೆ ಹೊದಿಸಿದೆ. ಆ ಗಳಿಗೆಯಲ್ಲಿ ಕೈಯಲ್ಲಿದ್ದ ಗನ್ನು ಮೇಲಕ್ಕೆ ತಿರುಗಿಕೊಂಡಿತ್ತು. ಅರವತ್ನಾಲ್ಕರಿಂದ ಅದು ಎಪ್ಪತ್ತೆರಡಕ್ಕೆ ಹಾರಿತು.

ಮೇಲಿನಿಂದ, ಹಳೆಯ ಗಾಯದ ಪಟ್ಟಿಯನ್ನು ಎಳೆದಾಗ ಬರುವಂಥ ಸದ್ದು ಬಂತು, ಆದರೆ ಇಪ್ಪತ್ತಾರು ಅಡಿ ಉದ್ದದ್ದು. ಕಪ್ಪು ಪಟ್ಟಿ ನಡುವಿನಿಂದ ಬಿಟ್ಟುಕೊಂಡು, ಒಂದು ಗೇಣು ಕೆಳಗಿಳಿದು ಜೋತುಬಿತ್ತು. ತೊಲೆ ನರಳಿತು. ಸುಣ್ಣದ ಪುಡಿ ಎಲ್ಲರ ಪೇಟಗಳ ಮೇಲೆ ಉದುರಿತು. ಡಬ್ಬಿಯ ಮೇಲಿದ್ದದ್ದು ಅರವತ್ತೈದೇ ಎಂದು ಆಗ ಖಚಿತವಾಯಿತು. ಅಕ್ಕ ಮೊದಲು ಪೂರ್ವದ ತುದಿ ನೋಡಿದಳು, ಆಮೇಲೆ ಪಶ್ಚಿಮದ ತುದಿ ನೋಡಿದಳು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು.

"ಹಿಡ್ಕೊಂಡಿದೆ" ಎಂದಳು, ನನಗೊಬ್ಬನಿಗೇ ಕೇಳುವಂತೆ. "ಜನನ್ನ ಆಚೆ ಕಳಿಸು."

ಹೇಗೆ ಕಳಿಸುವುದೆಂದು ನನಗೆ ತೋಚಲಿಲ್ಲ. ತೋಚಿದ್ದು ಗುರುಶಾಂತಪ್ಪನವರಿಗೆ, ಮೂವತ್ತು ವರ್ಷ ಚುನಾವಣೆ ಗೆದ್ದವರು ಸುಮ್ಮನೆ ಗೆದ್ದಿರುವುದಿಲ್ಲ. ಅವರು ಮೈಕು ಕಿತ್ತುಕೊಂಡು ಸಮಾಧಾನದ ದನಿಯಲ್ಲಿ ಹೇಳಿದರು: "ಬಂಧುಗಳೇ, ಊಟ ಬಡಿಸಿದ್ದಾರೆ. ಹೋಳಿಗೆ ಮುನ್ನೂರೇ ಇದೆಯಂತೆ." ಎರಡು ನಿಮಿಷದಲ್ಲಿ ಪುರಭವನ ಬರಿದಾಯಿತು. ಅಚ್ಯುತಾಚಾರ್ಯರೊಬ್ಬರೇ ಉಳಿದರು. ಎಲ್ಲರೂ ಯಾಕೆ ಎದ್ದುಹೋದರು, ರಾಗ ಇನ್ನೂ ಮುಗಿದಿಲ್ಲವಲ್ಲ ಎಂದು ಅವರಿಗೆ ಆಶ್ಚರ್ಯ. ಕಾವಲುಗಾರ ಅವರನ್ನು ತಂಬೂರಿಯ ಸಮೇತ ಎತ್ತಿಕೊಂಡು ಹೋದ.

ಯಾರಿಗೂ ಏನೂ ಆಗಲಿಲ್ಲ. ಮರುದಿನ ತೊಲೆಯ ಕೆಳಗೆ ಕಂಬ ಕೊಟ್ಟು ನಿಲ್ಲಿಸಿದೆವು. ತಿಂಗಳೊಪ್ಪತ್ತಿನಲ್ಲಿ ಪಟ್ಟಿಯನ್ನು ಮತ್ತೆ ಕೂರಿಸಿ, ಈ ಸಲ ಈ ತುದಿಯಿಂದ ಆ ತುದಿಗೆ ಗಾರೆ ಬಳಿದೆವು. ಅಧ್ಯಕ್ಷರು ಗಾರೆಯ ಮೇಲೆ ಹೆಸರು ಬರೆಸಿದರು, ಈ ಸಲ ನಡುವಿನಲ್ಲಿ. ಆ ದಿನದ ಕಾರ್ಯಕ್ರಮದಲ್ಲಿ ಊರಿನವರಿಗೆ ನೆನಪು ಉಳಿದದ್ದು ತೊಲೆ ಅಲ್ಲ, ತಮ್ಮನೊಬ್ಬ ತನ್ನ ಶಾಲನ್ನು ಅಕ್ಕನಿಗೆ ಹೊದಿಸಿದ್ದು. ಮದುವೆ ಮನೆಗಳಲ್ಲಿ ಇವತ್ತಿಗೂ ತಮ್ಮಂದಿರಿಗೆ ನನ್ನ ಹೆಸರು ಹೇಳಿ ಬುದ್ಧಿ ಹೇಳುತ್ತಾರೆ.

ಆ ಮಧ್ಯಾಹ್ನ ಮನೆಗೆ ಬಂದು ಅಕ್ಕ ಶಾಲನ್ನು ಮಡಿಸಿದಳು. ಅಂಚಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು; ಅದನ್ನು ಬೆರಳಿನಿಂದ ನೇವರಿಸುತ್ತ ಕೂತಳು.

"ತಾಯಿ ಇದ್ದ ಹಾಗೆ ಅಂದೆ" ಎಂದಳು. "ನಾನು ನಿನಗಿಂತ ಎರಡೇ ವರ್ಷ ದೊಡ್ಡವಳು ಕಣೋ."

"ಮತ್ತೇನು ಹೇಳಬೇಕಿತ್ತು?" ಎಂದೆ.

ಅವಳು ಕತ್ತೆತ್ತಿ ನನ್ನನ್ನು ನೋಡಿದಳು. ನಾನು ಒಂದು ಮಾತು ಆಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಅದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

"ಏನಿಲ್ಲ" ಎಂದಳು ಆಮೇಲೆ. "ಸೆಕೆ."

"ಹೌದು, ಸೆಕೆ" ಎಂದೆ. ಎದ್ದು ಫ್ಯಾನು ಹಾಕಿದೆ.

ಆ ವರ್ಷವೇ ನನಗೆ ಬಡ್ತಿ ಬಂತು. ಪಕ್ಕದ ಊರುಗಳವರು ಕರೆಸಿ ಕೇಳುತ್ತಾರೆ, ತುದಿಗಳ ಲೆಕ್ಕ ಹೇಗೆ ಬಂತು ಎಂದು. ನಮ್ಮೂರಿನ ಗಡಿಯಾಚೆ ಯಾರ ಹೊಟ್ಟೆಯೂ ಯಾವುದನ್ನೂ ಕಾಯಿಸುವುದಿಲ್ಲವಾದ್ದರಿಂದ ಅಲ್ಲಿ ಮಾತಾಡುವುದು ಸುಲಭ, ಈಗ ಚೆನ್ನಾಗಿಯೇ ಮಾತಾಡುತ್ತೇನೆ. ಅಂಟು ಎಷ್ಟಕ್ಕೆ ಮೆತ್ತಗಾಗುತ್ತದೆ, ಪಟ್ಟಿ ಹೇಗೆ ಜೋತಾಡುತ್ತದೆ, ಏಳು ಅಡಿ ಯಾಕೆ, ಎಂಟು ಯಾಕಲ್ಲ, ಎಲ್ಲವನ್ನೂ ಹೇಳುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಆ ಲೆಕ್ಕ ನೀಲಕ್ಕನದು ಎಂದು ನಾನು ಯಾರಿಗೂ ಹೇಳಿಲ್ಲ.